ಬಟನ್ ಒತ್ತುವುದು ಕಡಿಮೆ, ಪರಿಶೀಲಿಸುವುದು ಜಾಸ್ತಿ: ಆಫೀಸ್ ಸಾಫ್ಟ್‌ವೇರ್ ಎತ್ತ ಸಾಗುತ್ತಿದೆ?

ಕೆಲವು ವರ್ಷಗಳಿಂದ ಆಫೀಸಿನ ಕಂಪ್ಯೂಟರ್‌ನಲ್ಲಿ ಒಂದು ಬದಲಾವಣೆಯನ್ನು ನೀವೂ ಗಮನಿಸಿರಬಹುದು. ಇಮೇಲ್ ತೆರೆದರೆ ಮೂಲೆಯಲ್ಲೊಂದು ಹೊಸ ಬಟನ್. ಸ್ಪ್ರೆಡ್‌ಶೀಟ್ ತೆರೆದರೆ ಪಕ್ಕದಲ್ಲೊಂದು ಖಾಲಿ ಪೆಟ್ಟಿಗೆ, 'ಏನು ಬೇಕು ಕೇಳಿ' ಅನ್ನುತ್ತದೆ. ರಜೆ ಹಾಕುವ ಆ್ಯಪ್, ಬಿಲ್ ಪಾಸ್ ಮಾಡುವ ಪೋರ್ಟಲ್, ಮೀಟಿಂಗ್ ನಡೆಸುವ ಸಾಫ್ಟ್‌ವೇರ್, ಎಲ್ಲ ಕಡೆ ಇದೇ ಕಥೆ. ಕೇಳಿದವರು ಯಾರೋ ಗೊತ್ತಿಲ್ಲ, ಅಂತೂ ಬಂದು ಕೂತಿದೆ.

ಇದರ ಹಿಂದಿರುವುದು ಎಐ, ಅಂದರೆ ಕೃತಕ ಬುದ್ಧಿಮತ್ತೆ. 2022ರ ನವೆಂಬರ್ 30ರಂದು, ಕೇಳಿದ್ದಕ್ಕೆ ಮಾತಿನಲ್ಲೇ ಉತ್ತರ ಕೊಡುವ ಚಾಟ್‌ಜಿಪಿಟಿ ಬಂತು. ಒಂದು ವರ್ಷದೊಳಗೆ, 2023ರ ನವೆಂಬರ್‌ನಲ್ಲಿ, ಮೈಕ್ರೋಸಾಫ್ಟ್ ತನ್ನ ವರ್ಡ್, ಎಕ್ಸೆಲ್, ಔಟ್‌ಲುಕ್‌ಗಳ ಒಳಗೇ ಕೂರುವ ಕೋಪೈಲಟ್ ಎಂಬ ಎಐ ಸಹಾಯಕವನ್ನು ದೊಡ್ಡ ಕಂಪನಿಗಳಿಗೆ ಮಾರಲು ಶುರು ಮಾಡಿತು. ಉಳಿದವರೂ ಅದೇ ದಾರಿ ಹಿಡಿದರು. ಆದರೆ ಇದು ಒಂದು ಹೊಸ ಬಟನ್ ಸೇರಿಸಿದ ವಿಷಯ ಮಾತ್ರ ಅಲ್ಲ. ಸಾಫ್ಟ್‌ವೇರ್ ಮುಂದೆ ಕೂತು ನಾವು ಮಾಡುವ ಕೆಲಸದ ಸ್ವರೂಪವೇ ಬದಲಾಗುತ್ತಿದೆ. ಅದನ್ನು ಅರ್ಥ ಮಾಡಿಕೊಳ್ಳಲು ತೀರಾ ಬುಡದಿಂದ ಹೊರಡೋಣ.

ಯುಎಕ್ಸ್ ಅಂದರೆ ಏನು?

ಯೂಸರ್ ಎಕ್ಸ್‌ಪೀರಿಯನ್ಸ್, ಚಿಕ್ಕದಾಗಿ ಯುಎಕ್ಸ್. ಒಂದು ಸಾಫ್ಟ್‌ವೇರನ್ನು ಬಳಸುವವರಿಗೆ ಆಗುವ ಒಟ್ಟು ಅನುಭವಕ್ಕೆ ಈ ಹೆಸರು. ಡಾನ್ ನಾರ್ಮನ್ ಎಂಬ ಮನೋವಿಜ್ಞಾನಿ 1990ರ ದಶಕದಲ್ಲಿ ಆಪಲ್‌ನಲ್ಲಿದ್ದಾಗ ತಮ್ಮ ಹುದ್ದೆಯ ಹೆಸರಿನಲ್ಲೇ ಇದನ್ನು ಸೇರಿಸಿಕೊಂಡರು. ಆಮೇಲೆ ಇಡೀ ಕ್ಷೇತ್ರಕ್ಕೆ ಅದೇ ಹೆಸರು ಅಂಟಿಕೊಂಡಿತು.

ಇದನ್ನು ಇಂಟರ್ಫೇಸ್ ಜೊತೆ ಬೆರೆಸಿಕೊಳ್ಳುವವರು ಜಾಸ್ತಿ. ಪ್ರವಾಸದ ಖರ್ಚನ್ನು ಆಫೀಸಿನಿಂದ ವಾಪಸ್ ಪಡೆಯಲು ಒಂದು ಫಾರ್ಮ್ ತುಂಬುತ್ತೀರಿ ಅಂದುಕೊಳ್ಳಿ. ಪರದೆಯ ಮೇಲಿನ ಬಟನ್, ಬಣ್ಣ, ಅಕ್ಷರದ ಗಾತ್ರ, ಇವು ಇಂಟರ್ಫೇಸ್. ರಸೀದಿಯ ಫೋಟೋ ದೊಡ್ಡದಾಯಿತು ಅಂತ ತಿರಸ್ಕರಿಸಿದಾಗ, ಅಲ್ಲಿಯವರೆಗೆ ತುಂಬಿದ್ದೆಲ್ಲ ಅಳಿಸಿಹೋಯಿತಾ ಉಳಿಯಿತಾ? ಕಳಿಸಿದ ಮೇಲೆ ಅದು ಯಾರ ಬಳಿ ನಿಂತಿದೆ ಅಂತ ತಿಳಿಯುತ್ತದಾ? ಹಣ ಬರುವಷ್ಟರಲ್ಲಿ ಎಷ್ಟು ಜನರಿಗೆ ಫೋನ್ ಮಾಡಬೇಕಾಯಿತು? ಇದೆಲ್ಲ ಸೇರಿದರೆ ಯುಎಕ್ಸ್. ಚೆಂದದ ಪರದೆ ಇದ್ದೂ ಅನುಭವ ಕೆಟ್ಟದಾಗಿರಬಹುದು. ಇಂಥ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ.

ಈ ಕ್ಷೇತ್ರದಲ್ಲಿ ಅಳೆದು ತೂಗಿದ ತಿಳಿವಳಿಕೆಯೂ ಇದೆ. ಉದಾಹರಣೆಗೆ ಕಾಯುವ ಸಮಯ. ಬಳಕೆಯ ಅಧ್ಯಯನದಲ್ಲಿ ಹೆಸರಾದ ಜೇಕಬ್ ನೀಲ್ಸನ್ ಮೂರು ಮಿತಿಗಳನ್ನು ಪ್ರಚಾರಕ್ಕೆ ತಂದರು. 0.1 ಸೆಕೆಂಡಿನೊಳಗೆ ಪ್ರತಿಕ್ರಿಯೆ ಬಂದರೆ ಒತ್ತಿದ ಕೂಡಲೇ ಆಯಿತು ಅನಿಸುತ್ತದೆ. 1 ಸೆಕೆಂಡಿನವರೆಗೆ ಯೋಚನೆಯ ಓಟ ಕಡಿಯುವುದಿಲ್ಲ. 10 ಸೆಕೆಂಡು ದಾಟಿತೋ, ಮನಸ್ಸು ಬೇರೆ ಕಡೆ ಹೋಗುತ್ತದೆ. ಈ ಮೂರನೆಯ ಮಿತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಫೀಸ್ ಸಾಫ್ಟ್‌ವೇರ್ ಯಾಕೆ ಇಷ್ಟು ಕಷ್ಟ?

ಫೋನಿನಲ್ಲಿರುವ ಆ್ಯಪ್ ಹಿಡಿಸದಿದ್ದರೆ ತೆಗೆದುಹಾಕುತ್ತೀರಿ. ಹಾಗಾಗಿ ಅದನ್ನು ಮಾಡಿದವರಿಗೆ ನಿಮ್ಮನ್ನು ಮೆಚ್ಚಿಸದೆ ಬೇರೆ ದಾರಿಯಿಲ್ಲ. ಆಫೀಸ್ ಸಾಫ್ಟ್‌ವೇರ್ ವಿಷಯದಲ್ಲಿ ಕೊಳ್ಳುವವರೇ ಬೇರೆ, ಬಳಸುವವರೇ ಬೇರೆ. ಖರೀದಿ ಸಮಿತಿ ಸೌಲಭ್ಯಗಳ ಪಟ್ಟಿ ನೋಡುತ್ತದೆ, ಬೆಲೆ ನೋಡುತ್ತದೆ, ಭದ್ರತೆ ನೋಡುತ್ತದೆ. ದಿನಕ್ಕೆ ನೂರು ಸಲ ಅದೇ ಫಾರ್ಮ್ ತುಂಬುವ ಗುಮಾಸ್ತರಿಗೆ ಒಂದು ಕ್ಲಿಕ್ ಉಳಿಯುತ್ತದಾ ಅನ್ನುವುದು ಆ ಪಟ್ಟಿಯಲ್ಲಿ ಇರುವುದೇ ಅಪರೂಪ. ಬಳಸುವವರಿಗೆ ಬಿಟ್ಟು ಹೋಗುವ ಆಯ್ಕೆಯೂ ಇಲ್ಲ.

ಇನ್ನೊಂದು ಕಾರಣ, ಕೆಲಸವೇ ಜಟಿಲ. ತೆರಿಗೆ, ಸಂಬಳ, ಸಾಲ, ದಾಸ್ತಾನು, ಇವುಗಳಲ್ಲಿ ನಿಯಮಗಳು ಸಾವಿರ, ವಿನಾಯಿತಿಗಳು ಇನ್ನೂ ಜಾಸ್ತಿ. ಕಟ್, ಕಾಪಿ, ಪೇಸ್ಟ್ ಅನ್ನು ರೂಪಿಸಿದವರಲ್ಲಿ ಒಬ್ಬರಾದ ಲ್ಯಾರಿ ಟೆಸ್ಲರ್ ಒಂದು ಮಾತು ಹೇಳುತ್ತಿದ್ದರು. ಯಾವುದೇ ವ್ಯವಸ್ಥೆಯ ಜಟಿಲತೆಯನ್ನು ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಲು ಆಗುವುದಿಲ್ಲ. ಅದನ್ನು ಸಾಫ್ಟ್‌ವೇರ್ ಮಾಡುವವರು ಹೊರಬೇಕು, ಇಲ್ಲವೇ ಬಳಸುವವರು ಹೊರಬೇಕು. ಟೆಸ್ಲರ್ ನಿಯಮ ಅಂತ ಇದಕ್ಕೆ ಹೆಸರು. ಈಗ ಆಗುತ್ತಿರುವ ಬದಲಾವಣೆಗೆ ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಕೀಲಿಕೈ ಇಲ್ಲ.

ಬಳಸುವವರ ಮೇಲೆ ಭಾರ ಹೊರಿಸಿದರೆ ಏನಾಗುತ್ತದೆ ಅನ್ನುವುದಕ್ಕೆ 2020ರ ಆಗಸ್ಟ್‌ನಲ್ಲಿ ಸಿಟಿಬ್ಯಾಂಕ್‌ನಲ್ಲಿ ನಡೆದದ್ದನ್ನು ನೋಡಿ. ರೆವ್ಲಾನ್ ಎಂಬ ಸೌಂದರ್ಯವರ್ಧಕ ಕಂಪನಿಗೆ ಸಾಲ ಕೊಟ್ಟವರಿಗೆ ಸುಮಾರು 78 ಲಕ್ಷ ಡಾಲರ್ ಬಡ್ಡಿ ಹೋಗಬೇಕಿತ್ತು. ಅಸಲು ಬ್ಯಾಂಕಿನ ಒಳಗಿನ ಖಾತೆಯಲ್ಲೇ ಉಳಿಯಬೇಕಿತ್ತು. ಬ್ಯಾಂಕ್ ಬಳಸುತ್ತಿದ್ದ ಫ್ಲೆಕ್ಸ್‌ಕ್ಯೂಬ್ ಎಂಬ ಸಾಫ್ಟ್‌ವೇರ್‌ನಲ್ಲಿ ಹೀಗೆ ತಡೆಹಿಡಿಯಲು ಮೂರು ಆಯ್ಕೆಗಳಿಗೆ ಟಿಕ್ ಹಾಕಬೇಕಿತ್ತು: 'ಪ್ರಿನ್ಸಿಪಲ್', 'ಫ್ರಂಟ್', 'ಫಂಡ್'. 'ಪ್ರಿನ್ಸಿಪಲ್' ಅಂದರೆ ಅಸಲು, ಆದ್ದರಿಂದ ಅದೊಂದಕ್ಕೆ ಹಾಕಿದರೆ ಸಾಕು ಅಂತ ಸಿಬ್ಬಂದಿ ಅಂದುಕೊಂಡರು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ? ಒಬ್ಬರು ತುಂಬಿದರು, ಇನ್ನೊಬ್ಬರು ನೋಡಿದರು, ಮತ್ತೊಬ್ಬರು ಒಪ್ಪಿಗೆ ಕೊಟ್ಟರು. ಸುಮಾರು 90 ಕೋಟಿ ಡಾಲರ್ ಹೊರಗೆ ಹೋಯಿತು.

ಕಳಿಸುವ ಮುಂಚೆ ಸಾಫ್ಟ್‌ವೇರ್ ಎಚ್ಚರಿಕೆ ಕೊಟ್ಟಿತ್ತು ಕೂಡ. ಹಣ ಬ್ಯಾಂಕಿನಿಂದ ಹೊರಗೆ ಹೋಗುತ್ತದೆ, ಮುಂದುವರಿಸಲಾ ಅಂತ ಕೇಳಿತ್ತು. ಆದರೆ ಎಷ್ಟು ಹಣ ಅಂತ ಹೇಳಲಿಲ್ಲ. ಬಡ್ಡಿಯಂತೂ ಹೊರಗೆ ಹೋಗಲೇಬೇಕಿತ್ತಲ್ಲ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಸುಮಾರು 50 ಕೋಟಿ ಡಾಲರನ್ನು ಪಡೆದವರು ವಾಪಸ್ ಕೊಡಲು ಒಪ್ಪಲಿಲ್ಲ. 2021ರಲ್ಲಿ ನ್ಯಾಯಾಲಯ ಅವರ ಪರ ನಿಂತಿತು. 2022ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿದ ಮೇಲೆ ಬ್ಯಾಂಕ್ ಉಸಿರಾಡಿತು.

ಇಷ್ಟು ದೊಡ್ಡ ಅನಾಹುತ ದಿನವೂ ಆಗುವುದಿಲ್ಲ. ದಿನವೂ ಆಗುವುದು ಸಮಯದ ಸೋರಿಕೆ. ಅಮೆರಿಕದ ವೈದ್ಯರನ್ನು ಗಮನಿಸಿ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಕ್ಲಿನಿಕ್‌ನಲ್ಲಿ ರೋಗಿಗಳ ಜೊತೆ ನೇರವಾಗಿ ಕಳೆದ ಒಂದೊಂದು ಗಂಟೆಗೂ ವೈದ್ಯರು ಕಂಪ್ಯೂಟರ್ ದಾಖಲೆ ಮತ್ತು ಇತರ ಮೇಜಿನ ಕೆಲಸಕ್ಕೆ ಹತ್ತಿರ ಹತ್ತಿರ ಎರಡು ಗಂಟೆ ಕೊಡುತ್ತಿದ್ದರು.

ಮೆನುಗಳು ಬೆಳೆದು ಬೆಳೆದು

1981ರಲ್ಲಿ ಜೆರಾಕ್ಸ್ ಕಂಪನಿ ಸ್ಟಾರ್ ಎಂಬ ಕಂಪ್ಯೂಟರ್ ತಂದಿತು. ಪರದೆಯೇ ಮೇಜು, ಅದರ ಮೇಲೆ ಕಡತ, ಫೋಲ್ಡರ್, ಇನ್‌ಬಾಕ್ಸ್. ನಾವು ಇವತ್ತಿಗೂ ಬಳಸುತ್ತಿರುವುದು ಅದೇ ಕಲ್ಪನೆ. ಅದಕ್ಕೆ ಮುಂಚೆ ಆಜ್ಞೆಗಳನ್ನು ಬಾಯಿಪಾಠ ಮಾಡಿ ಟೈಪ್ ಮಾಡಬೇಕಿತ್ತು. ಇಲ್ಲಿ ಕಣ್ಣೆದುರು ಕಾಣುವುದನ್ನು ಆರಿಸಿದರೆ ಸಾಕು. ಮನುಷ್ಯನಿಗೆ ನೆನಪಿಸಿಕೊಳ್ಳುವುದಕ್ಕಿಂತ ಗುರುತು ಹಿಡಿಯುವುದು ಸುಲಭ. ಮೆನು ಮತ್ತು ಐಕಾನ್‌ಗಳ ಗುಟ್ಟು ಇಷ್ಟೇ.

ತೊಂದರೆ ಶುರುವಾದದ್ದು ಸೌಲಭ್ಯಗಳು ಹೆಚ್ಚಾದಾಗ. ವಿಂಡೋಸ್‌ಗೆ ಬಂದ ಮೊದಲ ವರ್ಡ್‌ನಲ್ಲಿ ಎರಡೇ ಟೂಲ್‌ಬಾರ್ ಇದ್ದವು. ವರ್ಡ್ 2003ರ ಹೊತ್ತಿಗೆ ಅವು ಮೂವತ್ತು ದಾಟಿದ್ದವು. ಬಳಕೆದಾರರು ಹೊಸದಾಗಿ ಬೇಕು ಅಂತ ಕೇಳುತ್ತಿದ್ದ ಎಷ್ಟೋ ಸೌಲಭ್ಯಗಳು ಅದರಲ್ಲಿ ಆಗಲೇ ಇದ್ದವು, ಆದರೆ ಯಾರಿಗೂ ಸಿಗುತ್ತಿರಲಿಲ್ಲ. 2007ರಲ್ಲಿ ಮೈಕ್ರೋಸಾಫ್ಟ್ ಮೆನುಗಳನ್ನು ತೆಗೆದು ರಿಬ್ಬನ್, ಅಂದರೆ ಬಟನ್‌ಗಳನ್ನು ಗುಂಪು ಗುಂಪಾಗಿ ಜೋಡಿಸಿದ ಅಗಲದ ಪಟ್ಟಿ, ತಂದದ್ದು ಇದೇ ಕಾರಣಕ್ಕೆ.

ಅದಕ್ಕೂ ಮುಂಚೆ ಇನ್ನೊಂದು ಪ್ರಯೋಗ ಆಗಿತ್ತು. ಆಫೀಸ್ 2000ದಲ್ಲಿ ಮೆನುಗಳು ತಾವೇ ಬದಲಾಗುತ್ತಿದ್ದವು. ನೀವು ಬಳಸದ ಆಯ್ಕೆಗಳು ಮರೆಯಾಗುತ್ತಿದ್ದವು. ಕೇಳಲು ಜಾಣತನ ಅನಿಸುತ್ತದೆ. ನಿಜದಲ್ಲಿ ನಿನ್ನೆ ಇದ್ದದ್ದು ಇವತ್ತು ಕಾಣದೆ ಜನ ಬೇಸತ್ತರು. 2007ರಲ್ಲಿ ರಿಬ್ಬನ್ ಬಂದಾಗ ವರ್ಡ್, ಎಕ್ಸೆಲ್‌ಗಳಲ್ಲಿ ಅದಕ್ಕೂ ಮುಕ್ತಾಯ ಆಯಿತು. ಈ ಹಳೇ ಪ್ರಯೋಗವನ್ನು ಯಾಕೆ ಎತ್ತಿದೆ ಅಂದರೆ, ಈಗ ಎಐ ಹೆಸರಿನಲ್ಲಿ ಅದೇ ಯೋಚನೆ ಮತ್ತೆ ಬರುತ್ತಿದೆ.

ಈಗ ನಿಜವಾಗಿ ಬದಲಾಗಿದ್ದು ಏನು?

2023ರಲ್ಲಿ ನೀಲ್ಸನ್ ಒಂದು ವಾದ ಮಂಡಿಸಿದರು. ಕಂಪ್ಯೂಟರ್ ಇತಿಹಾಸದಲ್ಲಿ ಮನುಷ್ಯ ಮತ್ತು ಯಂತ್ರ ಮಾತಾಡಿಕೊಳ್ಳುವ ರೀತಿ ಈವರೆಗೆ ಎರಡೇ ಇದ್ದವು, ಈಗ ಮೂರನೆಯದು ಬಂದಿದೆ ಅಂತ. ಮೊದಲನೆಯದು, ಇಡೀ ಕೆಲಸವನ್ನು ಕಾರ್ಡುಗಳಲ್ಲಿ ರಂಧ್ರ ಕೊರೆದು ಕೊಟ್ಟು ಫಲಿತಾಂಶಕ್ಕೆ ಕಾಯುವುದು. ಎರಡನೆಯದು, ಒಂದು ಆಜ್ಞೆ ಕೊಡುವುದು, ಅದರ ಪರಿಣಾಮ ನೋಡುವುದು, ಮುಂದಿನ ಆಜ್ಞೆ ಕೊಡುವುದು. ಟೈಪ್ ಮಾಡಿದರೂ ಮೌಸ್ ಹಿಡಿದು ಕ್ಲಿಕ್ ಮಾಡಿದರೂ ಬೆರಳಿನಲ್ಲಿ ಮುಟ್ಟಿದರೂ ಅದು ಇದೇ ಬಗೆ. ಮೂರನೆಯದರಲ್ಲಿ 'ಹೇಗೆ' ಅಂತ ಹೇಳುವುದಿಲ್ಲ. 'ಏನು ಬೇಕು' ಅಂತ ಮಾತ್ರ ಹೇಳುತ್ತೀರಿ.

ಬಾಡಿಗೆ ಕಾರು ಹತ್ತಿದಾಗ 'ಎಡಕ್ಕೆ ತಿರುಗಿಸಿ, ಈಗ ಬಲಕ್ಕೆ, ಇಲ್ಲಿ ನಿಧಾನ' ಅಂತ ಹೇಳುತ್ತಾ ಹೋಗುವುದು ಒಂದು ರೀತಿ. ವಿಳಾಸ ಕೊಟ್ಟು ಹಿಂದೆ ಕೂರುವುದು ಇನ್ನೊಂದು ರೀತಿ. ಎರಡನೆಯದು ಆರಾಮ, ನಿಜ. ಆದರೆ ಊರು ಗೊತ್ತಿಲ್ಲದಿದ್ದರೆ ಚಾಲಕ ಸರಿಯಾದ ದಾರಿಯಲ್ಲೇ ಹೋಗುತ್ತಿದ್ದಾನಾ ಅಂತ ನಿಮಗೆ ಹೇಗೆ ತಿಳಿಯಬೇಕು? ತಪ್ಪಿದ್ದಾನೆ ಅನಿಸಿದರೆ ಯಾವಾಗ ತಡೆಯಬೇಕು? ಹೊಸ ಯುಎಕ್ಸ್‌ನ ಮುಖ್ಯ ಸಮಸ್ಯೆಗಳೆಲ್ಲ ಈ ಎರಡು ಪ್ರಶ್ನೆಗಳಲ್ಲೇ ಇವೆ.

ಆಫೀಸಿನಲ್ಲಿ ಇದು ಹೀಗಿರುತ್ತದೆ. ಮೊದಲು: ಮಾರಾಟದ ಸಾಫ್ಟ್‌ವೇರ್ ತೆರೆದು, ಕಳೆದ ಮೂರು ತಿಂಗಳ ಅಂಕಿ ಇಳಿಸಿಕೊಂಡು, ಎಕ್ಸೆಲ್‌ಗೆ ಹಾಕಿ, ಫಿಲ್ಟರ್ ಮಾಡಿ, ಚಾರ್ಟ್ ಮಾಡಿ, ಸ್ಲೈಡಿಗೆ ಅಂಟಿಸುವುದು. ಈಗ: 'ಕಳೆದ ಮೂರು ತಿಂಗಳಲ್ಲಿ ಯಾವ ಸರಕಿನ ಮಾರಾಟ ಇಳಿದಿದೆ, ಎರಡು ಸ್ಲೈಡಿನಲ್ಲಿ ಕೊಡು' ಅನ್ನುವುದು. ಇಂಥ ಕೆಲಸವನ್ನು ಹಂತ ಹಂತವಾಗಿ ತಾನೇ ಮಾಡಿ ಮುಗಿಸುವ ಎಐಗೆ ಏಜೆಂಟ್ ಅನ್ನುತ್ತಾರೆ. ಉತ್ತರ ಕೊಟ್ಟು ಸುಮ್ಮನಾಗುವ ಚಾಟ್‌ಗೂ ಏಜೆಂಟ್‌ಗೂ ವ್ಯತ್ಯಾಸ ಇಲ್ಲಿದೆ. ಏಜೆಂಟ್ ಇಮೇಲ್ ಕಳಿಸಬಲ್ಲದು, ಕಡತ ತಿದ್ದಬಲ್ಲದು, ಆರ್ಡರ್ ಹಾಕಬಲ್ಲದು.

ಏಜೆಂಟ್ ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಎರಡಕ್ಕೂ ಅರ್ಥವಾಗುವ ಒಪ್ಪಂದ, ಅಂದರೆ ಮಾತಾಡಿಕೊಳ್ಳುವ ನಿಯಮಗಳು, ಬೇಕು. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಎಂಬ ಎಐ ಕಂಪನಿ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಎಂಬ ಮುಕ್ತ ಒಪ್ಪಂದವನ್ನು ಬಿಡುಗಡೆ ಮಾಡಿತು. ಬೇರೆ ದೊಡ್ಡ ಕಂಪನಿಗಳೂ ಅದನ್ನು ಒಪ್ಪಿಕೊಂಡವು. ಇದರ ಪರಿಣಾಮ ಸ್ವಲ್ಪ ವಿಚಿತ್ರ. ಒಂದು ಸಾಫ್ಟ್‌ವೇರನ್ನು ದಿನವಿಡೀ ಬಳಸಿಯೂ ಅದರ ಪರದೆಯನ್ನು ನೀವು ಒಮ್ಮೆಯೂ ನೋಡದೆ ಇರಬಹುದು.

ಹಾಗಾದರೆ ಪರದೆಗಳೇ ಹೋಗಿ ಬರೀ ಚಾಟ್ ಉಳಿಯುತ್ತದಾ?

ಇಲ್ಲ ಅನ್ನುವುದಕ್ಕೆ ಬಲವಾದ ಕಾರಣಗಳಿವೆ. ಖಾಲಿ ಪೆಟ್ಟಿಗೆ ನೋಡಿದರೆ ಅದು ಏನೇನು ಮಾಡಬಲ್ಲದು ಅಂತ ಗೊತ್ತಾಗುವುದಿಲ್ಲ. ಗುರುತು ಹಿಡಿಯುವ ಸುಲಭದಿಂದ ನೆನಪಿಸಿಕೊಳ್ಳುವ ಕಷ್ಟಕ್ಕೆ ಮರಳಿದ ಹಾಗಾಯಿತು. ಬೇಕಾದ್ದನ್ನು ಸರಿಯಾದ ವಾಕ್ಯದಲ್ಲಿ ಬರೆಯುವುದು ಎಲ್ಲರಿಗೂ ಒಗ್ಗುವ ಕೆಲಸವೂ ಅಲ್ಲ. ಅದೂ ಅಲ್ಲದೆ ಕೆಲವು ಕೆಲಸಗಳಿಗೆ ಮಾತು ನಿಧಾನ. ಕ್ಯಾಲೆಂಡರ್‌ನಲ್ಲಿ ಮೀಟಿಂಗನ್ನು ಎಳೆದು ಪಕ್ಕದ ದಿನಕ್ಕೆ ಹಾಕುವುದು ಒಂದು ಕ್ಷಣ. ಅದನ್ನೇ ವಾಕ್ಯದಲ್ಲಿ ಬರೆದು ನೋಡಿ.

ಈ ಚರ್ಚೆ ಹೊಸದೇನಲ್ಲ. 1997ರಲ್ಲಿ ಬೆನ್ ಶ್ನೈಡರ್‌ಮನ್ ಮತ್ತು ಪ್ಯಾಟಿ ಮಾಸ್ ಎಂಬ ಇಬ್ಬರು ಸಂಶೋಧಕರು ಇದೇ ವಿಷಯದ ಮೇಲೆ ಬಹಿರಂಗವಾಗಿ ವಾದ ಮಾಡಿದ್ದರು. ಬಳಕೆದಾರರ ಕೈಯಲ್ಲೇ ಹಿಡಿತ ಇರಬೇಕು, ಕಣ್ಣೆದುರಿನ ವಸ್ತುಗಳನ್ನು ನೇರವಾಗಿ ಮುಟ್ಟಿ ಬದಲಾಯಿಸುವಂತಿರಬೇಕು ಅನ್ನುವುದು ಶ್ನೈಡರ್‌ಮನ್ ಅವರ ನಿಲುವು. ಮಾಹಿತಿ ಇಷ್ಟು ಬೆಳೆದಿರುವಾಗ ನಮ್ಮ ಪರವಾಗಿ ಕೆಲಸ ಮಾಡುವ ಏಜೆಂಟ್‌ಗಳು ಬೇಕೇ ಬೇಕು ಅನ್ನುವುದು ಮಾಸ್ ಅವರ ನಿಲುವು. ಆಗ ಏಜೆಂಟ್‌ಗಳಿಗೆ ತಾಕತ್ತು ಇರಲಿಲ್ಲ. ಈಗ ಬಂದಿದೆ, ವಾದ ಮಾತ್ರ ಹಾಗೇ ಇದೆ.

ಕಾಣಿಸುತ್ತಿರುವ ದಾರಿ ಎರಡರ ಬೆರಕೆ. ಮಾತಿನಲ್ಲಿ ಕೇಳುತ್ತೀರಿ. ಉತ್ತರವಾಗಿ ಉದ್ದನೆಯ ಬರಹದ ಬದಲು ಒಂದು ಚಿಕ್ಕ ಪರದೆ ಬರುತ್ತದೆ: ತುಂಬಿಟ್ಟ ಫಾರ್ಮ್, ಮುಟ್ಟಿದರೆ ಬದಲಾಗುವ ಚಾರ್ಟ್, ಟಿಕ್ ಹಾಕಬಹುದಾದ ಪಟ್ಟಿ. ಅದನ್ನು ಕೈಯಲ್ಲೇ ತಿದ್ದುತ್ತೀರಿ. ಆ ಕ್ಷಣಕ್ಕೆ ಬೇಕಾದ ಪರದೆಯನ್ನು ಎಐ ಅಲ್ಲೇ ಕಟ್ಟಿಕೊಡುವ ಈ ಪದ್ಧತಿಗೆ ಜನರೇಟಿವ್ ಯುಐ ಅನ್ನುತ್ತಾರೆ (ಯುಐ ಅಂದರೆ ಯೂಸರ್ ಇಂಟರ್ಫೇಸ್). ಆಫೀಸ್ 2000ದ ಪಾಠ ಬೇಕಾಗುವುದು ಇಲ್ಲಿಯೇ. ದಿನಕ್ಕೆ ಐವತ್ತು ಸಲ ಮಾಡುವ ಕೆಲಸದ ಪರದೆ ದಿನಕ್ಕೊಂದು ಥರ ಇದ್ದರೆ ಕೈಗೆ ಅಭ್ಯಾಸವೇ ಆಗುವುದಿಲ್ಲ. ಹಾಗಾಗಿ ಅಪರೂಪದ ಕೆಲಸಕ್ಕೆ ಹೊಸ ಪರದೆ, ಪದೇ ಪದೇ ಮಾಡುವ ಕೆಲಸಕ್ಕೆ ಅಲುಗಾಡದ ಪರದೆ ಅನ್ನುವ ಹಂಚಿಕೆ ಉಳಿಯುವ ಸಾಧ್ಯತೆ ಜಾಸ್ತಿ.

ಮಾಡುವ ಕೆಲಸ ಹೋಗಿ ಪರಿಶೀಲಿಸುವ ಕೆಲಸ ಬಂತು

ಈಗ ಟೆಸ್ಲರ್ ನಿಯಮಕ್ಕೆ ವಾಪಸ್ ಬರೋಣ. ಜಟಿಲತೆ ಮಾಯ ಆಗುವುದಿಲ್ಲ, ಜಾಗ ಬದಲಿಸುತ್ತದೆ. ಕೆಲಸ ಮಾಡುವ ಹಂತದ ಜಟಿಲತೆಯನ್ನು ಎಐ ಹೊತ್ತುಕೊಂಡಿತು. ಹಾಗಾದರೆ ಮಿಕ್ಕದ್ದು ಎಲ್ಲಿ ಹೋಯಿತು? ಪರಿಶೀಲಿಸುವ ಹಂತಕ್ಕೆ. ಬಂದ ಉತ್ತರ ಸರಿಯಾ, ಯಾವ ಅಂಕಿ ತೆಗೆದುಕೊಂಡಿದೆ, ಏನು ಬಿಟ್ಟಿದೆ ಅಂತ ನೋಡುವ ಭಾರ ನಿಮ್ಮ ಮೇಲಿದೆ.

ಪರಿಶೀಲನೆ ಮನುಷ್ಯರಿಗೆ ಅಷ್ಟು ಸುಲಭಕ್ಕೆ ಒಗ್ಗುವುದಿಲ್ಲ. 1983ರಲ್ಲೇ ಲಿಸ್ಯಾನ್ ಬೇನ್‌ಬ್ರಿಜ್ ಎಂಬ ಮನೋವಿಜ್ಞಾನಿ ಇದನ್ನು ಕೈಗಾರಿಕೆಗಳ ಸಂದರ್ಭದಲ್ಲಿ ಬರೆದಿದ್ದರು. ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟು, ಅದು ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡುವ ಕೆಲಸವನ್ನು ಮನುಷ್ಯನಿಗೆ ಬಿಡುತ್ತೇವೆ. ಹೆಚ್ಚಿನ ಸಮಯ ಎಲ್ಲ ಸರಿಯಾಗೇ ಇರುವುದರಿಂದ ಗಮನ ಜಾರುತ್ತದೆ. ಕೈಯಾರೆ ಮಾಡುವ ಅಭ್ಯಾಸವೂ ತಪ್ಪುತ್ತದೆ. ಕೊನೆಗೆ ಯಂತ್ರ ಎಡವಿದ ದಿನ, ತುಕ್ಕು ಹಿಡಿದ ಕೌಶಲ ಇಟ್ಟುಕೊಂಡು ಅತಿ ಕಷ್ಟದ ಕೆಲಸಕ್ಕೆ ಇಳಿಯಬೇಕು. ಯಂತ್ರ ಹೇಳಿದ್ದನ್ನು ಹೆಚ್ಚು ಯೋಚಿಸದೆ ಒಪ್ಪುವ ಈ ಪ್ರವೃತ್ತಿಗೆ ಆಟೊಮೇಶನ್ ಬಯಾಸ್ ಅನ್ನುತ್ತಾರೆ.

2023ರಲ್ಲಿ ನ್ಯೂಯಾರ್ಕ್‌ನ ಇಬ್ಬರು ವಕೀಲರು ನ್ಯಾಯಾಲಯಕ್ಕೆ ಕೊಟ್ಟ ಅರ್ಜಿಯಲ್ಲಿ ಹಳೆಯ ತೀರ್ಪುಗಳನ್ನು ಉಲ್ಲೇಖಿಸಿದ್ದರು. ಅವುಗಳಲ್ಲಿ ಹಲವು ಚಾಟ್‌ಜಿಪಿಟಿ ಕಟ್ಟಿದ ಕಥೆಗಳಾಗಿದ್ದವು. 5,000 ಡಾಲರ್ ದಂಡ ಬಿತ್ತು. ತಪ್ಪು ಅವರದೇ, ಆದರೆ ಇದನ್ನು ಯುಎಕ್ಸ್ ಕಣ್ಣಿನಿಂದಲೂ ನೋಡಬೇಕು. ನಿಜವಾದ ತೀರ್ಪಿನ ಹೆಸರೂ ಹುಟ್ಟಿಸಿಕೊಂಡ ಹೆಸರೂ ಪರದೆಯ ಮೇಲೆ ಒಂದೇ ಥರ ಕಾಣುತ್ತಿದ್ದವು. ಅದೇ ಅಕ್ಷರ, ಅದೇ ಆತ್ಮವಿಶ್ವಾಸದ ಧಾಟಿ.

ಸಿಟಿಬ್ಯಾಂಕ್ ಪ್ರಕರಣದಲ್ಲೂ ಪರಿಶೀಲನೆ ಇರಲಿಲ್ಲ ಅಂತ ಅಲ್ಲ, ಮೂರು ಜನ ನೋಡಿದ್ದರು. ಮೂವರೂ ಒಂದೇ ಅಸ್ಪಷ್ಟ ಪರದೆಯನ್ನು ನೋಡಿ ಒಂದೇ ಅರ್ಥ ಮಾಡಿಕೊಂಡಿದ್ದರು. 'ಕೊನೆಗೆ ಒಬ್ಬ ಮನುಷ್ಯ ನೋಡಿ ಒಪ್ಪುತ್ತಾನೆ, ಚಿಂತೆ ಬೇಡ' ಅಂತ ಸಾಫ್ಟ್‌ವೇರ್ ಮಾರುವವರು ಈಗ ಹೇಳುವಾಗ ಇದನ್ನು ನೆನೆಯುವುದು ಒಳ್ಳೆಯದು. ಆ ಮನುಷ್ಯನ ಮುಂದೆ ಏನು ಕಾಣುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಹಾಗಾಗಿ ಮುಂದಿನ ವರ್ಷಗಳಲ್ಲಿ ಡಿಸೈನರ್‌ಗಳ ಹೆಚ್ಚಿನ ಶ್ರಮ ಪರಿಶೀಲನೆಯ ಪರದೆಗೆ ಹೋಗಬೇಕಾಗುತ್ತದೆ. ಅದರ ಕೆಲವು ಅಂಶಗಳು ಈಗಾಗಲೇ ಕಾಣುತ್ತಿವೆ. ಪ್ರತಿ ಅಂಕಿಯ ಪಕ್ಕ ಅದು ಬಂದ ಮೂಲದ ಕೊಂಡಿ, ಒತ್ತಿದರೆ ಆ ದಾಖಲೆಯ ಆ ಸಾಲಿಗೇ ಹೋಗುವಂತೆ. ಎಐ ತಿದ್ದಿದ ಕಡತದಲ್ಲಿ ಹಳೆಯದು, ಹೊಸದು ಎರಡೂ ಬಣ್ಣದಲ್ಲಿ ಬೇರೆಯಾಗಿ ಕಾಣುವುದು. ಪ್ರೋಗ್ರಾಂ ಬರೆಯುವವರು ಈ ಪದ್ಧತಿಯನ್ನು ಬಹಳ ಕಾಲದಿಂದ ಬಳಸುತ್ತಿದ್ದಾರೆ, ಈಗ ಅದು ಲೆಕ್ಕಪತ್ರ ವಿಭಾಗಕ್ಕೂ ಬರುತ್ತಿದೆ. ಎಐ ತಾನು ಊಹಿಸಿ ತುಂಬಿದ ಜಾಗವನ್ನು ಬೇರೆಯಾಗಿ ಗುರುತು ಮಾಡುವುದು ಇನ್ನೊಂದು.

ಎಚ್ಚರಿಕೆಯ ಪೆಟ್ಟಿಗೆಗಳ ಮೇಲೆ ಮಾತ್ರ ನಂಬಿಕೆ ಇಡಬೇಡಿ. 'ಖಚಿತವೇ?' ಅಂತ ಪ್ರತಿ ಸಲ ಕೇಳಿದರೆ ಜನ ಓದದೆ 'ಹೌದು' ಒತ್ತುತ್ತಾರೆ. ಕೇಳುವುದು ಅಪರೂಪವಾಗಿರಬೇಕು, ಕೇಳಿದಾಗ ನಿರ್ದಿಷ್ಟವಾಗಿರಬೇಕು: ಇಷ್ಟು ಹಣ, ಇಂಥವರಿಗೆ, ಈ ಖಾತೆಯಿಂದ. ಅದಕ್ಕಿಂತ ಒಳ್ಳೆಯದು ಅನ್‌ಡೂ. ಆದದ್ದನ್ನು ವಾಪಸ್ ತೆಗೆದುಕೊಳ್ಳಲು ಬರುತ್ತದೆ ಅಂತಾದರೆ ಮುಂಚೆಯೇ ನೂರು ಸಲ ಕೇಳುವ ಅಗತ್ಯ ಬೀಳುವುದಿಲ್ಲ. ಎಲ್ಲದಕ್ಕೂ ಅನ್‌ಡೂ ಸಾಧ್ಯವಿಲ್ಲ ನಿಜ. ಗ್ರಾಹಕರಿಗೆ ಹೋದ ಇಮೇಲ್ ಹೋದದ್ದೇ. ಆದ್ದರಿಂದ ಓದುವುದು, ಡ್ರಾಫ್ಟ್ ಮಾಡುವುದು, ಕಳಿಸುವುದು, ಹಣ ಪಾವತಿಸುವುದು, ಇವಕ್ಕೆ ಬೇರೆ ಬೇರೆ ಅನುಮತಿ ಇರಬೇಕಾಗುತ್ತದೆ.

ಅನುಮತಿ ಯಾಕೆ ಮುಖ್ಯ ಅನ್ನುವುದಕ್ಕೆ ಭದ್ರತೆಯ ಕಾರಣವೂ ಇದೆ. ಏಜೆಂಟ್ ಓದುವ ಇಮೇಲ್‌ನಲ್ಲೋ ಕಡತದಲ್ಲೋ ಯಾರಾದರೂ 'ಈ ದಾಖಲೆಗಳನ್ನು ಇಂಥ ವಿಳಾಸಕ್ಕೆ ಕಳಿಸು' ಅಂತ ಕಣ್ಣಿಗೆ ಕಾಣದ ಹಾಗೆ ಬರೆದಿಟ್ಟಿರಬಹುದು. ಏಜೆಂಟ್ ಅದನ್ನು ನಿಮ್ಮದೇ ಆಜ್ಞೆ ಅಂದುಕೊಂಡು ಪಾಲಿಸಿಬಿಡಬಹುದು. ಇದಕ್ಕೆ ಪ್ರಾಂಪ್ಟ್ ಇಂಜೆಕ್ಷನ್ ಅಂತ ಹೆಸರು. ಇದನ್ನು ಪೂರ್ತಿ ತಡೆಯುವ ಉಪಾಯ ಇನ್ನೂ ಸಿಕ್ಕಿಲ್ಲ.

ಮೊದಲು ಹೇಳಿದ 10 ಸೆಕೆಂಡಿನ ಮಿತಿ ನೆನಪಿದೆಯಾ? ಏಜೆಂಟ್‌ಗಳು ಒಂದು ಕೆಲಸಕ್ಕೆ ನಿಮಿಷಗಟ್ಟಲೆ ತೆಗೆದುಕೊಳ್ಳುತ್ತವೆ. ಪರದೆ ನೋಡುತ್ತಾ ಯಾರೂ ಕೂರುವುದಿಲ್ಲ, ಬೇರೆ ಕೆಲಸಕ್ಕೆ ಹೋಗುತ್ತಾರೆ. ವಾಪಸ್ ಬಂದಾಗ ಏನು ಕೇಳಿದ್ದೆವು ಅನ್ನುವುದೇ ಮರೆತಿರುತ್ತದೆ. ಕೇಳಿದ್ದು ಏನು, ಈವರೆಗೆ ಆಗಿದ್ದು ಏನು, ನಿಮ್ಮ ಉತ್ತರಕ್ಕೆ ಕಾಯುತ್ತಿರುವುದು ಏನು, ಇದನ್ನು ಒಂದೇ ನೋಟಕ್ಕೆ ತೋರಿಸುವ ಪರದೆ ಬೇಕು. ಇಂಥದ್ದು ಇನ್ನೂ ಸರಿಯಾಗಿ ಯಾರ ಕೈಗೂ ಹತ್ತಿಲ್ಲ ಅನ್ನುವುದು ನನ್ನ ಅನಿಸಿಕೆ.

ಬಾಯಿ ಹಾಕುವುದು ಯಾವಾಗ?

ಆಫೀಸ್ 97ರಲ್ಲಿ ಪರದೆಯ ಮೇಲೆ ಮಾತಾಡಿಸುವ ಒಂದು ಪೇಪರ್ ಕ್ಲಿಪ್ ಚಿತ್ರ ಬರುತ್ತಿತ್ತು, ಕ್ಲಿಪ್ಪಿ. ಪತ್ರ ಬರೆಯಲು ಶುರು ಮಾಡಿದರೆ ಸಾಕು, ಪತ್ರ ಬರೆಯುತ್ತಿದ್ದೀರಾ, ಸಹಾಯ ಬೇಕಾ ಅನ್ನುತ್ತಿತ್ತು. ಬೇಡ ಅಂದರೂ ಮತ್ತೆ ಬರುತ್ತಿತ್ತು. 2001ರಲ್ಲಿ ಅದನ್ನು ತಾನಾಗೇ ಬರದಂತೆ ಮಾಡಿದರು, 2007ರ ಆವೃತ್ತಿಯಲ್ಲಿ ತೆಗೆದೇಬಿಟ್ಟರು.

ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡವರು ಮೈಕ್ರೋಸಾಫ್ಟ್‌ನೊಳಗೇ ಇದ್ದರು. ಎರಿಕ್ ಹಾರ್ವಿಟ್ಜ್ ಎಂಬ ಸಂಶೋಧಕರು 1999ರಲ್ಲಿ ಹೇಳಿದ್ದು ಇಷ್ಟು: ಸಹಾಯದಿಂದ ಆಗುವ ಲಾಭವನ್ನೂ ಅಡ್ಡಿಯಿಂದ ಆಗುವ ನಷ್ಟವನ್ನೂ ತೂಗಿ, ಆಮೇಲೆ ಯಂತ್ರ ಬಾಯಿ ತೆರೆಯಬೇಕು. 2019ರಲ್ಲಿ ಅದೇ ಕಂಪನಿಯ ಸಂಶೋಧಕರು ಎಐ ಇರುವ ಸಾಫ್ಟ್‌ವೇರ್‌ಗೆ 18 ಮಾರ್ಗಸೂಚಿಗಳನ್ನು ಪ್ರಕಟಿಸಿದರು. ಏನು ಮಾಡಬಲ್ಲೆ ಅಂತ ಮೊದಲೇ ಹೇಳು, ಬೇಡ ಅಂದರೆ ಸುಲಭವಾಗಿ ತಳ್ಳಿಹಾಕುವಂತಿರು, ತಪ್ಪಾದರೆ ತಿದ್ದಲು ಬಿಡು, ಈ ಬಗೆಯವು. ಇವತ್ತಿನ ಎಷ್ಟೋ ಸಾಫ್ಟ್‌ವೇರ್‌ಗಳನ್ನು ಈ ಪಟ್ಟಿ ಹಿಡಿದು ನೋಡಿದರೆ ಮಿನುಗುವ ಬಟನ್ ಇದೆ, ಮುಚ್ಚುವ ದಾರಿ ಎಲ್ಲೋ ಸೆಟ್ಟಿಂಗ್ಸ್‌ನ ಆಳದಲ್ಲಿದೆ.

ಎಲ್ಲರ ಕೈಗೂ ನಿಲುಕಬೇಕು

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 130 ಕೋಟಿ ಜನರಿಗೆ, ಅಂದರೆ ಆರು ಜನರಲ್ಲಿ ಒಬ್ಬರಿಗೆ, ಗಣನೀಯ ಅಂಗವೈಕಲ್ಯ ಇದೆ. ಕಣ್ಣು ಕಾಣದವರು ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುತ್ತಾರೆ. ಪರದೆಗಳು ಅವರಿಗೂ ಬಳಸಲು ಬರುವಂತೆ ಮಾಡುವ ನಿಯಮಾವಳಿಗೆ ಡಬ್ಲ್ಯುಸಿಎಜಿ ಅನ್ನುತ್ತಾರೆ. ಅದರ 2.2ನೇ ಆವೃತ್ತಿ 2023ರ ಅಕ್ಟೋಬರ್‌ನಲ್ಲಿ ಬಂತು. ಎಳೆದು ಹಾಕುವ ಕೆಲಸಕ್ಕೆ ಎಳೆಯದೆ ಮಾಡುವ ಇನ್ನೊಂದು ದಾರಿಯೂ ಇರಬೇಕು ಅಂತ ಅದು ಹೇಳುತ್ತದೆ. ಮಾತಿನಲ್ಲಿ ಕೆಲಸ ಹೇಳುವ ಹೊಸ ರೀತಿ ಇಂಥವರಿಗೆ ದೊಡ್ಡ ಅನುಕೂಲ ಆಗಬಹುದು. ಆದರೆ ಎಐ ಆ ಕ್ಷಣಕ್ಕೆ ಕಟ್ಟಿದ ಪರದೆಯಲ್ಲಿ ಬಟನ್‌ಗೆ ಸರಿಯಾದ ಹೆಸರೇ ಇಲ್ಲದಿದ್ದರೆ ಸ್ಕ್ರೀನ್ ರೀಡರ್ ಏನು ಓದಬೇಕು?

ನೀವು ನೋಡುತ್ತಿದ್ದೀರಿ, ಅದೂ ನಿಮ್ಮನ್ನು ನೋಡುತ್ತಿದೆ

ಸಹಾಯ ಮಾಡಬೇಕಾದರೆ ಸಾಫ್ಟ್‌ವೇರ್‌ಗೆ ನಿಮ್ಮ ಇಮೇಲ್, ಮೀಟಿಂಗ್, ಕಡತಗಳು ಗೊತ್ತಿರಬೇಕು. ಅದೇ ಮಾಹಿತಿಯಿಂದ ನಿಮ್ಮನ್ನು ಅಳೆಯಲೂಬಹುದು. 2020ರ ಕೊನೆಯಲ್ಲಿ ಮೈಕ್ರೋಸಾಫ್ಟ್‌ನ ಪ್ರೊಡಕ್ಟಿವಿಟಿ ಸ್ಕೋರ್ ಎಂಬ ಸೌಲಭ್ಯ ಒಬ್ಬೊಬ್ಬ ನೌಕರರ ಬಳಕೆಯನ್ನು ಹೆಸರು ಸಮೇತ ತೋರಿಸುತ್ತಿತ್ತು. ಟೀಕೆ ಜೋರಾದ ಮೇಲೆ ಹೆಸರುಗಳನ್ನು ತೆಗೆದರು.

ಐರೋಪ್ಯ ಒಕ್ಕೂಟದ ಎಐ ಕಾಯ್ದೆ 2024ರ ಆಗಸ್ಟ್ 1ರಂದು ಜಾರಿಗೆ ಬಂತು. ಕೆಲಸದ ಜಾಗದಲ್ಲಿ ನೌಕರರ ಭಾವನೆಗಳನ್ನು ಎಐ ಬಳಸಿ ಊಹಿಸುವುದನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣ ಬಿಟ್ಟು, 2025ರ ಫೆಬ್ರವರಿಯಿಂದ ಅದು ನಿಷೇಧಿಸಿದೆ. ಹೆಚ್ಚು ಅಪಾಯದ ಎಐಗಳನ್ನು ಮನುಷ್ಯರು ಮೇಲ್ವಿಚಾರಣೆ ಮಾಡುವಂತಿರಬೇಕು ಅನ್ನುವ ವಿಧಿಯಲ್ಲಿ ಆಟೊಮೇಶನ್ ಬಯಾಸ್‌ನ ಹೆಸರನ್ನೇ ಎತ್ತಿದೆ. ಡಿಸೈನರ್‌ಗಳ ಮಾತು ಕಾನೂನಿನೊಳಗೆ ಸೇರಿದ್ದು ಸಣ್ಣ ವಿಷಯವಲ್ಲ.

ಹೊಸ ಸಾಫ್ಟ್‌ವೇರ್ ಬಂದಾಗ ಏನು ನೋಡಬೇಕು?

ನೀವು ಡಿಸೈನರ್ ಅಲ್ಲ, ಖರೀದಿ ಸಮಿತಿಯಲ್ಲೂ ಇಲ್ಲ ಅಂದುಕೊಳ್ಳೋಣ. ಆದರೂ ಹೊಸದನ್ನು ಪರೀಕ್ಷೆಗೆ ಕೊಟ್ಟಾಗ ಕೆಲವನ್ನು ನೀವೇ ಮಾಡಿ ನೋಡಬಹುದು. ಉತ್ತರ ಮೊದಲೇ ಗೊತ್ತಿರುವ ಒಂದು ಪ್ರಶ್ನೆ ಕೇಳಿ. ತಪ್ಪು ಹೇಳಿದರೆ ಅದು ತಪ್ಪು ಅಂತ ಪರದೆಯಿಂದ ಕಂಡುಹಿಡಿಯಲು ಎಷ್ಟು ಹೊತ್ತು ಬೇಕಾಯಿತು ನೋಡಿ. ಅದು ಮಾಡಿದ ಬದಲಾವಣೆಯನ್ನು ವಾಪಸ್ ತೆಗೆದುಕೊಳ್ಳಲು ಪ್ರಯತ್ನಿಸಿ. ಕೆಲಸದ ಮಧ್ಯದಲ್ಲೇ ನಿಲ್ಲಿಸಿ, ಅರ್ಧ ಆದದ್ದು ಏನಾಯಿತು ಹುಡುಕಿ. ಎಐ ಇಲ್ಲದೆ ಹಳೆಯ ರೀತಿಯಲ್ಲೇ ಆ ಕೆಲಸ ಮಾಡುವ ದಾರಿ ಉಳಿದಿದೆಯಾ ಅಂತಲೂ ನೋಡಿ.

ಆಫೀಸಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ. ಏಜೆಂಟ್ ನನ್ನ ಹೆಸರಿನಲ್ಲಿ ಮಾಡಿದ ಕೆಲಸ ದಾಖಲೆಯಲ್ಲಿ ಹೇಗೆ ಕಾಣುತ್ತದೆ, ನಾನು ಮಾಡಿದ್ದು ಅಂತಲೋ, ಏಜೆಂಟ್ ಮಾಡಿದ್ದು ನಾನು ಒಪ್ಪಿದ್ದು ಅಂತಲೋ? ಒಪ್ಪುವ ಮುಂಚೆ ನೋಡಲು ನನಗೆ ಎಷ್ಟು ಸಮಯ ಇರುತ್ತದೆ? ದಿನಕ್ಕೆ ಇಪ್ಪತ್ತು ಕಡತ ನೋಡುತ್ತಿದ್ದವರ ಮುಂದೆ ಎಐ ಇನ್ನೂರು ಕಡತ ತಯಾರು ಮಾಡಿ ಇಟ್ಟರೆ ಪರಿಶೀಲನೆ ಹೆಸರಿಗೆ ಮಾತ್ರ ಉಳಿಯುತ್ತದೆ. ಇದನ್ನು ಕೇಳುವುದಾದರೆ ಪರೀಕ್ಷೆಯ ಅವಧಿಯಲ್ಲೇ ಕೇಳಿಬಿಡಿ. ಒಪ್ಪಂದಕ್ಕೆ ಸಹಿ ಬಿದ್ದು, ಎಲ್ಲರ ದಿನದ ಗುರಿ ಆ ಇನ್ನೂರಕ್ಕೆ ಏರಿದ ಮೇಲೆ ಪರದೆಯನ್ನು ಬದಲಾಯಿಸುವುದು ಇನ್ನೂ ಕಷ್ಟ.